ನಾಡಿ ಗಡಿಯಾರದಿಂದ ಸ್ಮಾರ್ಟ್‌ವಾಚ್‌ವರೆಗೆ: ನಾವು ವಾಚಿನಿಂದ ಬಯಸಿದ್ದೇನು?



ನಮ್ಮ ಯುವ ಸಂಘದಲ್ಲಿ ಈಗ ಹೆಚ್ಚಿನವರ ಕೈಯಲ್ಲಿ ಸ್ಮಾರ್ಟ್‌ವಾಚ್ ಅಥವಾ ಫಿಟ್‌ನೆಸ್ ಬ್ಯಾಂಡ್ ಇದೆ. ಹುಟ್ಟುಹಬ್ಬಕ್ಕೆ, ಮೊದಲ ಸಂಬಳಕ್ಕೆ, ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಸಿಗುವ ಉಡುಗೊರೆ ಅದೇ. ದೂರದ ಊರಲ್ಲಿ ಕೆಲಸ ಮಾಡುವ ಮಕ್ಕಳು ಬಿಪಿ, ಶುಗರ್ ಇರುವ ಅಪ್ಪ ಅಮ್ಮನಿಗೂ ಕೊಂಡು ಕಳಿಸುತ್ತಿದ್ದಾರೆ. ಆದರೆ ಎಷ್ಟೋ ಮನೆಗಳಲ್ಲಿ ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ವಾಚು ಚಾರ್ಜ್ ಇಲ್ಲದೆ ಬೀರುವಿನ ಮೂಲೆ ಸೇರಿರುತ್ತದೆ. ದುಡ್ಡು ಕೊಟ್ಟು ಕೊಂಡದ್ದನ್ನು ನಾವು ಯಾಕೆ ಬಿಚ್ಚಿಡುತ್ತೇವೆ? ನಿಜವಾಗಿ ನಾವು ಅದರಿಂದ ಬಯಸಿದ್ದಾದರೂ ಏನು?

ಈ ಪ್ರಶ್ನೆಗೆ ಉತ್ತರ ಅಂಗಡಿಯ ಜಾಹೀರಾತಿನಲ್ಲಿ ಸಿಗುವುದಿಲ್ಲ, ಇತಿಹಾಸದಲ್ಲಿ ಸಿಗುತ್ತದೆ. ಸುಮಾರು ಮುನ್ನೂರು ವರ್ಷಗಳಿಂದ ಜನ ಗಡಿಯಾರದಿಂದ ಕೇಳುತ್ತಾ ಬಂದಿರುವುದು ಕೆಲವೇ ಕೆಲವು ಸಂಗತಿಗಳನ್ನು. ಅವುಗಳನ್ನು ಒಂದೊಂದಾಗಿ ನೋಡೋಣ ಬನ್ನಿ.

ನಾಡಿ ಹಿಡಿದ ಗಡಿಯಾರ

ದೇಹವನ್ನು ಅಂಕಿಯಲ್ಲಿ ಅಳೆಯುವ ಆಸೆ ಹೊಸದಲ್ಲ. ಇಟಲಿಯ ಪಾದುವಾದಲ್ಲಿ ವೈದ್ಯ ಪ್ರಾಧ್ಯಾಪಕರಾಗಿದ್ದ ಸಾಂತೋರಿಯೊ ತೂಗುವ ಕುರ್ಚಿಯೊಂದನ್ನು ಮಾಡಿಸಿಕೊಂಡು, ತಿಂದದ್ದು, ಕುಡಿದದ್ದು, ದೇಹದಿಂದ ಹೊರಹೋದದ್ದು ಎಲ್ಲವನ್ನೂ ಸುಮಾರು ಮೂವತ್ತು ವರ್ಷ ತೂಗಿ ಬರೆದಿಟ್ಟರು. ಅವರ ಪುಸ್ತಕ 1614ರಲ್ಲಿ ಹೊರಬಂತು. ದಾರಕ್ಕೆ ಕಟ್ಟಿದ ಗುಂಡನ್ನು ತೂಗಾಡಿಸಿ, ಅದರ ಓಲಾಟ ನಾಡಿಯ ಬಡಿತಕ್ಕೆ ಹೊಂದುವಂತೆ ದಾರದ ಉದ್ದ ಬದಲಿಸಿ, ಆ ಉದ್ದದಿಂದಲೇ ನಾಡಿಯ ವೇಗ ಹೇಳುವ ಸಾಧನವನ್ನೂ ಅವರು ಬಳಸಿದರು. ದಾರ ಗಿಡ್ಡವಾದಷ್ಟೂ ಓಲಾಟ ವೇಗ. ಲೋಲಕದ ಪಾಠ ಓದಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಮುಂದಿನ ಹೆಜ್ಜೆ ಇಟ್ಟವರು ಇಂಗ್ಲೆಂಡಿನ ಲಿಚ್‌ಫೀಲ್ಡ್ ಊರಿನ ವೈದ್ಯ ಸರ್ ಜಾನ್ ಫ್ಲಾಯರ್. ಆಗಿನ ಸಾಮಾನ್ಯ ಗಡಿಯಾರಗಳಲ್ಲಿ ಸೆಕೆಂಡಿನ ಮುಳ್ಳು ಇರಲಿಲ್ಲ. ರೋಗಿಯ ನಾಡಿ ನಿಮಿಷಕ್ಕೆ ಎಷ್ಟು ಬಾರಿ ಬಡಿಯುತ್ತದೆ ಎಂದು ನಿಖರವಾಗಿ ಎಣಿಸಲು ಅವರು ಸರಿಯಾಗಿ ಒಂದು ನಿಮಿಷ ಓಡುವ ವಿಶೇಷ ಗಡಿಯಾರ ಮಾಡಿಸಿದರು. ಅದರ ಬಗ್ಗೆ ಅವರು ಬರೆದ ಪುಸ್ತಕದ ಮೊದಲ ಭಾಗ 1707ರಲ್ಲಿ ಪ್ರಕಟವಾಯಿತು. ಇಂದು ನಮ್ಮ ವಾಚಿನ ಹಿಂದೆ ಮಿನುಗುವ ಹಸಿರು ಬೆಳಕು ಮಾಡುವ ಕೆಲಸಕ್ಕೆ ಅಂದೇ ನಾಂದಿಯಾಯಿತು ಎನ್ನಬಹುದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಗಡಿಯಾರ ರೋಗಿಯ ಕೈಯಲ್ಲಿ ಇರಲಿಲ್ಲ, ವೈದ್ಯರ ಕೈಯಲ್ಲಿ ಇತ್ತು. ಅಂಕಿ ಬಂದ ಕೂಡಲೇ ಅದನ್ನು ನೋಡಿ ಏನಾದರೂ ಮಾಡುವ ಮನುಷ್ಯ ಪಕ್ಕದಲ್ಲೇ ಕೂತಿರುತ್ತಿದ್ದ. ಈ ಮಾತು ನೆನಪಿನಲ್ಲಿ ಇರಲಿ, ಮುಂದೆ ಬೇಕಾಗುತ್ತದೆ.

ಜೇಬಿನಿಂದ ಮಣಿಕಟ್ಟಿಗೆ

19ನೇ ಶತಮಾನದ ಕೊನೆಯವರೆಗೂ ಯುರೋಪಿನ ಗಂಡಸರ ಗಡಿಯಾರ ಜೇಬಿನಲ್ಲಿ ಸರಪಳಿಗೆ ತೂಗುತ್ತಿತ್ತು. ಕೈಗೆ ಕಟ್ಟುವುದು ಹೆಂಗಸರ ಒಡವೆ ಎಂಬ ಭಾವನೆ ಇತ್ತು. ಬ್ರೆಜಿಲ್ ಮೂಲದ ವಿಮಾನಿ ಸಾಂತೋಸ್ ದುಮೋಂಗೆ ಹಾರುವಾಗ ಎರಡು ಕೈಯೂ ಯಂತ್ರದ ಮೇಲೇ ಇರಬೇಕಾಗಿತ್ತು. ಜೇಬಿಗೆ ಕೈ ಹಾಕುವಂತಿರಲಿಲ್ಲ. ಅವರ ಕಷ್ಟ ಕೇಳಿ ಪ್ಯಾರಿಸ್‌ನ ಲೂಯಿ ಕಾರ್ಟಿಯೇ 1904ರಲ್ಲಿ ಕೈಗೆ ಕಟ್ಟುವ ವಾಚು ಮಾಡಿಕೊಟ್ಟರು ಎನ್ನುತ್ತಾರೆ. ಆದರೆ ಗಂಡಸರ ಮಣಿಕಟ್ಟಿಗೆ ವಾಚನ್ನು ನಿಜವಾಗಿ ತಂದದ್ದು ಮೊದಲ ಮಹಾಯುದ್ಧ. ಕಂದಕದಲ್ಲಿ ಬಂದೂಕು ಹಿಡಿದು ಕೂತ ಸೈನಿಕ ಇಂತಿಷ್ಟು ಹೊತ್ತಿಗೆ ಸರಿಯಾಗಿ ಮುನ್ನುಗ್ಗಬೇಕು. ಒಂದು ನೋಟದಲ್ಲಿ ಹೊತ್ತು ತಿಳಿಯಬೇಕು, ಕತ್ತಲಲ್ಲೂ ತಿಳಿಯಬೇಕು.

ಕತ್ತಲಲ್ಲಿ ಮುಳ್ಳು ಹೊಳೆಯಲು ರೇಡಿಯಂ ಬೆರೆಸಿದ ಬಣ್ಣ ಬಳಿದರು. ಅಮೆರಿಕದ ನ್ಯೂಜೆರ್ಸಿ, ಇಲಿನಾಯ್, ಕನೆಕ್ಟಿಕಟ್‌ನ ಕಾರ್ಖಾನೆಗಳಲ್ಲಿ ಆ ಕೆಲಸ ಮಾಡಿದವರು ನಮ್ಮ ವಯಸ್ಸಿನ ಹುಡುಗಿಯರು. ಕುಂಚದ ತುದಿ ಚೂಪಾಗಲಿ ಎಂದು ತುಟಿಯಿಂದ ತೀಡಿಕೊಳ್ಳುವಂತೆ ಅವರಿಗೆ ಕಲಿಸಿದ್ದರು. ರೇಡಿಯಂ ಮೂಳೆಗೆ ಇಳಿಯಿತು, ದವಡೆ ಕೊಳೆಯಿತು, ಅನೇಕರು ಸತ್ತರು. ನ್ಯೂಜೆರ್ಸಿಯ ಐವರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಕೆಲಸಗಾರರ ಸುರಕ್ಷತೆಯ ಇತಿಹಾಸದಲ್ಲಿ ಈ ಹೆಣ್ಣುಮಕ್ಕಳಿಗೆ ದೊಡ್ಡ ಸ್ಥಾನವಿದೆ. ನಮ್ಮ ಒಂದು ಸಣ್ಣ ಅನುಕೂಲಕ್ಕೆ ಬೆಲೆ ತೆರುವವರು ಎಷ್ಟೋ ಸಲ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ.

ಅಂತೂ ಮೊದಲ ಬಯಕೆ ಇಲ್ಲಿ ಸ್ಪಷ್ಟವಾಯಿತು: ಕೈ ಬಿಡುವಿಲ್ಲದಾಗಲೂ ಒಂದೇ ನೋಟಕ್ಕೆ ಉತ್ತರ ಸಿಗಬೇಕು.

ಬೆಂಗಳೂರು, ಹೊಸೂರು ಮತ್ತು ವಾಚು

ವಾಚಿನ ಕತೆಯಲ್ಲಿ ನಮ್ಮ ಹೊಸೂರಿಗೂ ಪಾಲಿದೆ. 1961ರಲ್ಲಿ ಎಚ್‌ಎಂಟಿ ಕಂಪನಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರುಮಾಡಿತು. ನಮ್ಮ ತಾತಂದಿರ ಕಾಲದಲ್ಲಿ ಕೆಲಸ ಸಿಕ್ಕಿತೆಂದರೆ, ಮದುವೆ ನಿಶ್ಚಯವಾಯಿತೆಂದರೆ ಕೈಗೊಂದು ಎಚ್‌ಎಂಟಿ. ಜನತಾ, ಪೈಲಟ್ ಎಂಬ ಹೆಸರು ಹೇಳಿದರೆ ಈಗಲೂ ಹಿರಿಯರ ಮುಖ ಅರಳುತ್ತದೆ. ಕಣ್ಣು ಕಾಣದವರು ಮುಳ್ಳನ್ನು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯುವಂಥ ಬ್ರೈಲ್ ವಾಚನ್ನೂ ಅದೇ ಕಂಪನಿ ಮಾಡಿತು.

ಅಷ್ಟರಲ್ಲಿ ಜಗತ್ತು ಬದಲಾಗುತ್ತಿತ್ತು. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕೆ ಬಿಟ್ಟಿತು. ವಿದ್ಯುತ್ ಹಾಯಿಸಿದರೆ ಕ್ವಾರ್ಟ್ಸ್ ಹರಳು ಸ್ಥಿರವಾದ ವೇಗದಲ್ಲಿ ಕಂಪಿಸುತ್ತದೆ. ಆ ಕಂಪನವನ್ನು ಎಣಿಸಿ ಹೊತ್ತು ಹೇಳುವುದು ಇದರ ಗುಟ್ಟು. ದಿನಾ ಕೀಲಿ ಕೊಡುವ ಗೋಜಿಲ್ಲ, ಒಂದು ಸೆಲ್ ಹಾಕಿದರೆ ತಿಂಗಳುಗಟ್ಟಲೆ ಓಡುತ್ತದೆ. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೋ ಸೇರಿ ಟೈಟಾನ್ ಸ್ಥಾಪಿಸಿದಾಗ ಅವರು ನಂಬಿದ್ದು ಈ ಕ್ವಾರ್ಟ್ಸನ್ನೇ. ಕಾರ್ಖಾನೆ ಎದ್ದದ್ದು ನಮ್ಮ ಹೊಸೂರಿನಲ್ಲಿ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಬೀದಿಯಲ್ಲಿ ಕೇಳುವ ನಮ್ಮ ಊರು ದೇಶಕ್ಕೆಲ್ಲ ವಾಚು ಕೊಡುವ ಊರಾಯಿತು. ಅತ್ತ ಎಚ್‌ಎಂಟಿ ನಿಧಾನವಾಗಿ ಹಿಂದೆ ಬಿತ್ತು. ಅದರ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು.

ಇಲ್ಲಿ ಎರಡನೆಯ ಬಯಕೆ ಕಾಣುತ್ತದೆ: ಕಟ್ಟಿಕೊಂಡ ಮೇಲೆ ವಾಚಿನ ಯೋಚನೆ ನಮಗೆ ಬರಬಾರದು. ಅದು ನಮ್ಮ ಸೇವೆ ಮಾಡಬೇಕೇ ಹೊರತು ನಾವು ಅದರ ಸೇವೆ ಮಾಡುವಂತಿರಬಾರದು.

ಬಟನ್ ಒತ್ತಿದರೆ ಮಾತ್ರ ಹೊತ್ತು

ಈ ಎರಡೂ ಬಯಕೆಗಳನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಹ್ಯಾಮಿಲ್ಟನ್ ಕಂಪನಿಯ ಪಲ್ಸಾರ್. 1972ರಲ್ಲಿ ಬಂದ ಇದು ಮಾರಾಟಕ್ಕೆ ಬಂದ ಮೊದಲ ಡಿಜಿಟಲ್ ಕೈಗಡಿಯಾರ. ಬೆಲೆ 2,100 ಡಾಲರ್. ಕೆಂಪು ಎಲ್‌ಇಡಿ ಅಂಕಿಗಳು ನೋಡಲು ಚಂದವಾಗಿದ್ದವು. ಆದರೆ ಅವು ಬ್ಯಾಟರಿಯನ್ನು ಕುಡಿದುಬಿಡುತ್ತಿದ್ದರಿಂದ ಯಾವಾಗಲೂ ಉರಿಯುವಂತಿರಲಿಲ್ಲ. ಬಟನ್ ಒತ್ತಿದರೆ ಮಾತ್ರ ಹೊತ್ತು ಕಾಣುತ್ತಿತ್ತು. ಎಂದರೆ ಒಂದು ಕೈಯ ಕೆಲಸಕ್ಕೆ ಮತ್ತೆ ಎರಡು ಕೈ ಬೇಕಾಯಿತು. ಸದಾ ಅಂಕಿ ತೋರಿಸುವ ಎಲ್‌ಸಿಡಿ ವಾಚುಗಳು ಬಂದ ಕೆಲವೇ ವರ್ಷಗಳಲ್ಲಿ ಎಲ್‌ಇಡಿ ವಾಚುಗಳು ಮೂಲೆ ಸೇರಿದವು.

ಆಮೇಲೆ ಕ್ಯಾಲ್ಕುಲೇಟರ್ ವಾಚು ಬಂತು, 1982ರಲ್ಲಿ ಸೈಕೋದ ಟಿವಿ ವಾಚು ಬಂತು, 2004ರಲ್ಲಿ ರೇಡಿಯೋ ಅಲೆಯ ಮೂಲಕ ಸುದ್ದಿ, ಹವಾಮಾನ ತರುವ ಮೈಕ್ರೋಸಾಫ್ಟ್‌ನ ಸ್ಪಾಟ್ ವಾಚುಗಳೂ ಬಂದವು. ಎಲ್ಲವೂ ಜನರನ್ನು ಬೆರಗುಗೊಳಿಸಿದವು. ಕ್ಯಾಲ್ಕುಲೇಟರ್ ವಾಚು ಸ್ವಲ್ಪ ಕಾಲ ಶಾಲಾ ಮಕ್ಕಳ ಕನಸಾಗಿ ಉಳಿಯಿತು. ಉಳಿದವುಗಳಲ್ಲಿ ಯಾವುದೂ ದಿನಬಳಕೆಯ ವಸ್ತುವಾಗಲಿಲ್ಲ. ಮಾಡಲು ಸಾಧ್ಯವಾದದ್ದನ್ನೆಲ್ಲ ಕಂಪನಿಗಳು ಕೊಟ್ಟವು, ಜನರಿಗೆ ಬೇಕಾದದ್ದು ಬೇರೆಯೇ ಇತ್ತು.

ಹತ್ತು ಸಾವಿರ ಹೆಜ್ಜೆಯ ಮೂಲ

ದಿನಕ್ಕೆ 10,000 ಹೆಜ್ಜೆ ನಡೆಯಬೇಕು ಎಂಬ ಮಾತು ಈಗ ಮನೆಮನೆಯಲ್ಲೂ ಕೇಳುತ್ತದೆ. ಇದನ್ನು ವೈದ್ಯರ ಸಮಿತಿಯೊಂದು ಕೂತು ನಿರ್ಧರಿಸಿದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮೇಲೆ ಜಪಾನಿನಲ್ಲಿ ಆರೋಗ್ಯದ ಬಗ್ಗೆ ಉತ್ಸಾಹ ಹೆಚ್ಚಿತ್ತು. 1965ರಲ್ಲಿ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಶುರುಮಾಡಿತು. ಅದರ ಹೆಸರು 'ಮಂಪೊಕೆಯ್'. ಜಪಾನಿ ಭಾಷೆಯಲ್ಲಿ ಹಾಗೆಂದರೆ 'ಹತ್ತು ಸಾವಿರ ಹೆಜ್ಜೆ ಅಳೆಯುವ ಸಾಧನ'. ನೆನಪಿನಲ್ಲಿ ಉಳಿಯುವ ದುಂಡು ಸಂಖ್ಯೆ. ಮಾರಾಟದ ಹೆಸರು ಮುಂದೆ ಇಡೀ ಜಗತ್ತಿನ ಗುರಿಯಾಯಿತು.

ಇದರಿಂದ ನಡೆಯುವುದೇ ವ್ಯರ್ಥ ಎಂದು ತಿಳಿಯಬೇಡಿ. 2019ರಲ್ಲಿ ಅಮೆರಿಕದಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ 16,741 ಮಹಿಳೆಯರ ಹೆಜ್ಜೆ ಅಳೆದು ನಡೆಸಿದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಆ ಪ್ರಮಾಣ ಇಳಿಯುತ್ತಾ ಹೋಗಿ 7,500ರ ಸುಮಾರಿಗೆ ನಿಂತಿತು. ಆದ್ದರಿಂದ ಅಜ್ಜಿ 5,000 ಹೆಜ್ಜೆ ನಡೆದರೆ ಅದು 'ಅರ್ಧ ಮಾರ್ಕು' ಅಲ್ಲ ಎಂದು ಮನೆಯಲ್ಲಿ ಧೈರ್ಯವಾಗಿ ಹೇಳಿ.

ವಾಚು ಹೆಜ್ಜೆಯನ್ನು ಎಣಿಸುವ ರೀತಿಯನ್ನೂ ತಿಳಿದುಕೊಳ್ಳುವುದು ಒಳ್ಳೆಯದು. ಅದು ನಮ್ಮ ಕಾಲನ್ನು ನೋಡುವುದಿಲ್ಲ, ಕೈಯ ಬೀಸನ್ನು ನೋಡುತ್ತದೆ. ಒಳಗಿರುವ ಪುಟ್ಟ ಚಿಪ್ಪು ಚಲನೆಯ ಏರಿಳಿತವನ್ನು ಅಳೆಯುತ್ತದೆ, ತಾಳಬದ್ಧವಾಗಿ ಬಂದ ಏರಿಳಿತವನ್ನು ಹೆಜ್ಜೆ ಎಂದು ಲೆಕ್ಕ ಹಾಕುತ್ತದೆ. ಕೂತಲ್ಲೇ ಕೈ ಆಡಿಸಿದರೂ ಕೆಲವು ಹೆಜ್ಜೆ ಸೇರಬಹುದು. ಆದರೆ ತಲೆಯ ಮೇಲಿನ ಹೊರೆಗೆ ಕೈ ಆನಿಸಿ ನಡೆಯುವ ತಾಯಿಯ, ತಳ್ಳುಗಾಡಿ ಹಿಡಿದು ನಡೆಯುವ ಅಣ್ಣನ ಎಷ್ಟೋ ಹೆಜ್ಜೆಗಳು ಬಿಟ್ಟುಹೋಗಬಹುದು. ನಮ್ಮ ಕಡೆ ಗುಲಾಬಿ ತೋಟದಲ್ಲಿ ಬೆಳಗಿನಿಂದ ದುಡಿಯುವವರ ಬೆನ್ನಿನ ಕೆಲಸಕ್ಕೆ ಈ ಯಂತ್ರದಲ್ಲಿ ಲೆಕ್ಕವೇ ಇಲ್ಲ. ಎಣಿಕೆಗೆ ಸಿಗದ ದುಡಿಮೆ ದುಡಿಮೆಯೇ ಅಲ್ಲ ಎಂದುಕೊಳ್ಳುವುದು ಬೇಡ.

ಎದೆಬಡಿತ ಮತ್ತು ಹಸಿರು ಬೆಳಕು

ಹೆಜ್ಜೆಯ ನಂತರ ಎದೆಬಡಿತ. ಫಿನ್‌ಲ್ಯಾಂಡಿನಲ್ಲಿ ಸೆಪ್ಪೊ ಸೈನಾಯಕಂಗಾಸ್ ಎಂಬ ಪ್ರಾಧ್ಯಾಪಕರು 1977ರಲ್ಲಿ ಪೋಲಾರ್ ಕಂಪನಿ ಕಟ್ಟಿದರು. ಹಿಮದ ಮೇಲೆ ಸ್ಕೀ ಓಡುವ ಆಟಗಾರ ಓಟದ ನಡುವೆ ನಿಂತು ಕುತ್ತಿಗೆಯ ನಾಡಿ ಹಿಡಿದು ಎಣಿಸಲು ಆಗುವುದಿಲ್ಲ. ಅದಕ್ಕೆ ಎದೆಗೆ ಒಂದು ಪಟ್ಟಿ, ಕೈಗೆ ಒಂದು ವಾಚು, ನಡುವೆ ವೈರ್ ಇಲ್ಲದ ಸಂಪರ್ಕ. 1982ರಲ್ಲಿ ಇದು ಮಾರುಕಟ್ಟೆಗೆ ಬಂತು. ಇಲ್ಲಿಯೂ ಅಂಕಿಗಾಗಿ ಕಾಯುವ ಒಬ್ಬರಿದ್ದರು: ಆಟಗಾರನ ಕೋಚ್.

ಇಂದಿನ ವಾಚುಗಳು ಎದೆಪಟ್ಟಿಯ ಬದಲು ಬೆಳಕನ್ನು ಬಳಸುತ್ತವೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಹೆಚ್ಚಿ ಕಡಿಮೆಯಾಗುವಾಗ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಅದನ್ನೇ ವಾಚು ಎಣಿಸುತ್ತದೆ. ಇದು ಎಷ್ಟು ನಂಬಿಕೆಗೆ ಅರ್ಹ? ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ 60 ಜನರ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದರು. ಎದೆಬಡಿತದಲ್ಲಿ ಆರು ಸಾಧನಗಳ ತಪ್ಪು ಶೇಕಡಾ 5ರ ಒಳಗೇ ಇತ್ತು. ಆದರೆ 'ಇಷ್ಟು ಕ್ಯಾಲರಿ ಕರಗಿತು' ಎಂಬ ಲೆಕ್ಕದಲ್ಲಿ ಅತಿ ಒಳ್ಳೆಯ ಸಾಧನವೂ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು, ಅತಿ ಕೆಟ್ಟದ್ದು ಶೇಕಡಾ 93ರಷ್ಟು. ಒಂದೇ ಪರದೆಯಲ್ಲಿ ಅಕ್ಕಪಕ್ಕ ಕಾಣುವ ಎರಡು ಅಂಕಿಗಳ ನಡುವೆ ಇಷ್ಟೊಂದು ಅಂತರ!

ಮೂರನೆಯ ಬಯಕೆ ಇದು: ಹೇಳುವ ಅಂಕಿ ನಿಜವಾಗಿರಬೇಕು.

68,929 ಜನರ ಉತ್ತರ

2009ರ ಕೊನೆಯಲ್ಲಿ ಬಟ್ಟೆಗೆ ಸಿಕ್ಕಿಸುವ ಫಿಟ್‌ಬಿಟ್ ಬಂತು. 2012ರ ಏಪ್ರಿಲ್‌ನಲ್ಲಿ ಪೆಬಲ್ ಎಂಬ ಸಣ್ಣ ತಂಡ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಒಂದು ಲಕ್ಷ ಡಾಲರ್ ಕೇಳಿತು. 37 ದಿನಗಳಲ್ಲಿ 68,929 ಜನ ಸೇರಿ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟರು. ಪೆಬಲ್‌ನಲ್ಲಿ ಇದ್ದದ್ದೇನು? ಬಣ್ಣವಿಲ್ಲದ, ಬಿಸಿಲಲ್ಲೂ ಸದಾ ಕಾಣುವ ಪರದೆ. ಸುಮಾರು ಒಂದು ವಾರ ಬಾಳುವ ಬ್ಯಾಟರಿ. ಯಾರು ಕರೆ ಮಾಡುತ್ತಿದ್ದಾರೆ ಎಂದು ಫೋನ್ ತೆಗೆಯದೆ ತಿಳಿಯುವ ಸೌಲಭ್ಯ. ಅಷ್ಟೇ. ನೋಟಕ್ಕೆ ಸಿಗಬೇಕು, ತಲೆಬಿಸಿ ಕೊಡಬಾರದು ಎಂಬ ಹಳೆಯ ಎರಡು ಬಯಕೆಗಳೇ ಮತ್ತೆ ಬಂದಿದ್ದವು.

2015ರ ಏಪ್ರಿಲ್‌ನಲ್ಲಿ ಆ್ಯಪಲ್ ವಾಚು ಬಂದಾಗ ಕಂಪನಿ ಅದನ್ನು ಒಡವೆಯಂತೆಯೂ ಮಾರಲು ನೋಡಿತು. 10,000 ಡಾಲರಿನಿಂದ ಶುರುವಾಗುವ ಚಿನ್ನದ ಮಾದರಿಯೂ ಇತ್ತು. ಮರುವರ್ಷವೇ ಅದು ನಿಂತುಹೋಯಿತು. 2016ರ ಮಾದರಿಗೆ ಜಿಪಿಎಸ್ ಮತ್ತು ಈಜುವಾಗಲೂ ಕಟ್ಟಿಕೊಳ್ಳುವ ಶಕ್ತಿ ಬಂತು. 2018ರಲ್ಲಿ ಇಸಿಜಿ ಮತ್ತು ಬಿದ್ದರೆ ಗುರುತಿಸಿ ನೆರವಿಗೆ ಕರೆ ಮಾಡುವ ಸೌಲಭ್ಯ ಬಂತು. ಬಳಕೆದಾರರು ಕಂಪನಿಯನ್ನು ಚಿನ್ನದಿಂದ ಆರೋಗ್ಯದ ಕಡೆಗೆ ತಿರುಗಿಸಿದರು ಎನ್ನಬಹುದು.

ಹಾಗಾದರೆ ಬೀರು ಸೇರುವುದೇಕೆ?

2014ರಲ್ಲೇ ಎಂಡೆವರ್ ಪಾರ್ಟ್‌ನರ್ಸ್ ಎಂಬ ಅಮೆರಿಕದ ಸಂಸ್ಥೆ ಇಂಥ ಸಾಧನ ಕೊಂಡವರಲ್ಲಿ ಮೂರರಲ್ಲಿ ಒಬ್ಬರು ಆರು ತಿಂಗಳೊಳಗೆ ಬಳಕೆ ಬಿಟ್ಟಿದ್ದಾರೆ ಎಂದು ವರದಿ ಮಾಡಿತ್ತು. 2016ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ ಬಂತು. ತೂಕ ಇಳಿಸಲು ಬಯಸಿದ 471 ಯುವಜನರನ್ನು ಎರಡು ವರ್ಷ ಗಮನಿಸಿದರು. ತಮ್ಮ ಲೆಕ್ಕವನ್ನು ತಾವೇ ದಾಖಲಿಸಿಕೊಂಡವರು ಸರಾಸರಿ 5.9 ಕಿಲೋ ಇಳಿದರು. ಸಾಧನ ಕಟ್ಟಿಕೊಂಡವರು ಇಳಿದದ್ದು 3.5 ಕಿಲೋ. ಕಟ್ಟಿಕೊಂಡ ಮಾತ್ರಕ್ಕೆ ಅಭ್ಯಾಸ ಬದಲಾಗುವುದಿಲ್ಲ ಎಂಬುದು ಇದರ ಸರಳ ಪಾಠ.

ನಮ್ಮ ದೇಶಕ್ಕೆ ಬನ್ನಿ. 2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ಅಲೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೆ ಎಷ್ಟು ಪರದಾಟವಿತ್ತು ಎಂಬುದು ನಮಗೆಲ್ಲ ನೆನಪಿದೆ. ಎಸ್‌ಪಿಓ2 ಎಂಬ ಅಕ್ಷರಗಳು ಅಡುಗೆಮನೆಯ ಮಾತಾದವು, ಎರಡು ಸಾವಿರ ರೂಪಾಯಿಯೊಳಗಿನ ವಾಚಿನ ಡಬ್ಬಿಯ ಮೇಲೂ ಅವೇ ಅಕ್ಷರಗಳು ಬಂದವು. 2022ರ ಮೂರನೇ ತ್ರೈಮಾಸಿಕದಲ್ಲಿ ಭಾರತವು ಉತ್ತರ ಅಮೆರಿಕವನ್ನು ಹಿಂದಿಕ್ಕಿ ಜಗತ್ತಿನ ಅತಿ ದೊಡ್ಡ ಸ್ಮಾರ್ಟ್‌ವಾಚ್ ಮಾರುಕಟ್ಟೆಯಾಯಿತು ಎಂದು ಕೌಂಟರ್‌ಪಾಯಿಂಟ್ ಸಂಸ್ಥೆ ಹೇಳಿತು. ನಮ್ಮ ಹೊಸೂರಿನ ಟೈಟಾನ್ ಕೂಡ 2020ರಲ್ಲಿ ಹೈದರಾಬಾದಿನ ಹಗ್ ಇನೋವೇಶನ್ಸ್ ಎಂಬ ಕಂಪನಿಯನ್ನು ಕೊಂಡು ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಲ್ಲಲು ಹೊರಟಿತು. ಆದರೆ 2024ರಲ್ಲಿ ದೇಶದ ಸ್ಮಾರ್ಟ್‌ವಾಚ್ ಮಾರಾಟ ಜೋರಾಗಿ ಇಳಿಯಿತು. ಒಂದನ್ನು ಕೊಂಡವರಿಗೆ ಎರಡನೆಯದನ್ನು ಕೊಳ್ಳಲು ಕಾರಣ ಕಾಣಲಿಲ್ಲ.

ಈಗ ಆ ಮೊದಲಿನ ಮಾತಿಗೆ ಬರೋಣ. ಫ್ಲಾಯರ್ ಕಾಲದ ಅಂಕಿಗೆ ವೈದ್ಯರಿದ್ದರು. ಪೋಲಾರ್ ಅಂಕಿಗೆ ಕೋಚ್ ಇದ್ದರು. ಜಪಾನಿನ ಹೆಜ್ಜೆ ಯಂತ್ರಕ್ಕೆ ಒಟ್ಟಿಗೆ ನಡೆಯುವ ಸಂಘಗಳಿದ್ದವು. ನಮ್ಮ ಮಣಿಕಟ್ಟಿನ ಅಂಕಿಗೆ ಯಾರಿದ್ದಾರೆ? ರಾತ್ರಿ ಮಲಗುವ ಮುಂಚೆ ಒಬ್ಬರೇ ನೋಡಿ, ಒಬ್ಬರೇ ಖುಷಿಪಟ್ಟು, ಒಬ್ಬರೇ ಬೇಸರಪಟ್ಟು ಮಲಗುತ್ತೇವೆ. ಓಗೊಡುವವರಿಲ್ಲದ ಅಂಕಿ ಬಹಳ ದಿನ ಬಾಳುವುದಿಲ್ಲ. ನಾಲ್ಕನೆಯ, ಎಲ್ಲಕ್ಕಿಂತ ಆಳವಾದ ಬಯಕೆ ಇದೇ ಎಂದು ನಮಗೆ ಅನಿಸುತ್ತದೆ: ನನ್ನ ಬಗ್ಗೆ ಯಾರಿಗಾದರೂ ತಿಳಿಯಬೇಕು, ತಿಳಿದವರು ಏನಾದರೂ ಕೇಳಬೇಕು.

ಯಾರಿಗೆ ತಿಳಿಯಬೇಕು, ಯಾರಿಗೆ ಬೇಡ

ಆ ಬಯಕೆಗೆ ಇನ್ನೊಂದು ಮುಖವಿದೆ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ಕಾಲೇಜು ವಿದ್ಯಾರ್ಥಿ ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ನಕ್ಷೆಯನ್ನು ನೋಡುತ್ತಾ ಒಂದು ವಿಷಯ ಗಮನಿಸಿದ. ಓಡುವವರ ದಾರಿಗಳೆಲ್ಲ ಅದರಲ್ಲಿ ಬೆಳಕಿನ ಗೆರೆಗಳಾಗಿ ಕಾಣುತ್ತಿದ್ದವು. ಮರುಭೂಮಿಯ ನಡುವೆ ಒಂಟಿಯಾಗಿ ಹೊಳೆಯುತ್ತಿದ್ದ ಗೆರೆಗಳು ಸೇನಾ ನೆಲೆಗಳನ್ನು ತೋರಿಸಿಕೊಡುತ್ತಿದ್ದವು. ಸೈನಿಕರು ಬೆಳಗಿನ ಓಟವನ್ನು ದಾಖಲಿಸಿದ್ದರು, ಅಷ್ಟೇ. ಸೈನಿಕರ ನೆಲೆ ಹೀಗೆ ಗೊತ್ತಾಗುವುದಾದರೆ ಪ್ರತಿದಿನ ಒಂದೇ ದಾರಿಯಲ್ಲಿ ಓಡುವ ನಮ್ಮ ತಂಗಿಯ ಮನೆ ಗೊತ್ತಾಗುವುದಿಲ್ಲವೇ? ನಮ್ಮ ನಿದ್ದೆ, ಎದೆಬಡಿತ, ಹೆಣ್ಣುಮಕ್ಕಳ ತಿಂಗಳ ದಿನಗಳು ಎಲ್ಲವೂ ಕಂಪನಿಯ ಕಂಪ್ಯೂಟರಿನಲ್ಲಿ ಕೂತಿರುತ್ತವೆ. ಕಂಪನಿ ಕೈ ಬದಲಾದರೆ ಈ ಮಾಹಿತಿ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಯೂ ಏಳುತ್ತದೆ. 2021ರಲ್ಲಿ ಫಿಟ್‌ಬಿಟ್ ಗೂಗಲ್ ಪಾಲಾದಾಗ ಈ ಪ್ರಶ್ನೆ ದೊಡ್ಡದಾಗಿ ಎದ್ದಿತ್ತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಆದ್ದರಿಂದ ಮಗುವಿನ ಕೈಗೆ ವಾಚು ಕಟ್ಟುವಾಗ 'ಒಪ್ಪುತ್ತೇನೆ' ಎಂಬ ಬಟನ್ ಒತ್ತುವ ಮುಂಚೆ ಒಮ್ಮೆ ಓದಿ.

ನಾವು ಮಾಡಬಹುದಾದದ್ದು

ಈ ಇತಿಹಾಸ ಓದಿ ವಾಚನ್ನು ಎಸೆಯಿರಿ ಎಂದು ನಾವು ಹೇಳುತ್ತಿಲ್ಲ. ಬಿದ್ದಾಗ ಕರೆ ಮಾಡುವ ವಾಚು ಒಂಟಿಯಾಗಿರುವ ಹಿರಿಯರಿಗೆ ದೊಡ್ಡ ಆಸರೆಯಾಗಬಲ್ಲದು. ಎದೆಬಡಿತದ ಏರುಪೇರನ್ನು ತೋರಿಸಿದರೆ ವೈದ್ಯರ ಬಳಿ ಹೋಗಲು ಅದೊಂದು ನೆಪವಾಗುತ್ತದೆ. ಆದರೆ ಆ ಅಂಕಿಯೇ ವೈದ್ಯರಲ್ಲ.

ಕೊಳ್ಳುವ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ. ಒಂದೇ ನೋಟಕ್ಕೆ, ಅಮ್ಮನ ಕನ್ನಡಕವಿಲ್ಲದ ಕಣ್ಣಿಗೂ, ಇದು ಕಾಣುತ್ತದೆಯೇ? ಎಷ್ಟು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು? ಇದು ತೋರಿಸುವ ಅಂಕಿಗಳಲ್ಲಿ ನಂಬಬಹುದಾದದ್ದು ಯಾವುದು? ಇದು ಹೇಳುವುದನ್ನು ಕೇಳಿಸಿಕೊಳ್ಳುವವರು ಯಾರು?

ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದು ಯಾವ ಕಂಪನಿಯಿಂದಲೂ ಆಗದು, ಅದು ನಮ್ಮಿಂದಲೇ ಆಗಬೇಕು. ಅಪ್ಪನಿಗೆ ವಾಚು ಕಳಿಸಿದ ಮಗಳು ವಾರಕ್ಕೊಮ್ಮೆ ಫೋನ್ ಮಾಡಿ 'ಈ ವಾರ ಎಷ್ಟು ನಡೆದಿರಿ ಅಪ್ಪ, ಮೊಣಕಾಲು ನೋವು ಹೇಗಿದೆ?' ಎಂದು ಕೇಳಲಿ. ಸಂಘದಲ್ಲಿ ಯಾರ ಹೆಜ್ಜೆ ಹೆಚ್ಚು ಎಂದು ಪೈಪೋಟಿ ನಡೆಸುವ ಬದಲು ಶನಿವಾರ ಸಂಜೆ ಹಿರಿಯರ ಜೊತೆ ಒಂದು ಸುತ್ತು ನಡೆಯೋಣ. ವಾಚು ಕೊಳ್ಳಲು ಆಗದವರು, ಕೈ ಬೀಸದೆ ದುಡಿಯುವವರು ಅಲ್ಲಿ ಹಿಂದೆ ಬೀಳುವುದಿಲ್ಲ. ಬೀರುವಿನಲ್ಲಿ ಮಲಗಿರುವ ವಾಚು ಯಾರದಾದರೂ ಮನೆಯಲ್ಲಿದ್ದರೆ ಅದಕ್ಕೆ ಚಾರ್ಜ್ ಹಾಕಿ, ಈ ಪ್ರಶ್ನೆಗಳನ್ನು ಮನೆಯವರೆಲ್ಲ ಕೂತು ಮಾತಾಡಿ. ನಿಮ್ಮ ಮನೆಯ ಉತ್ತರವನ್ನು ಮುಂದಿನ ಸಭೆಯಲ್ಲಿ ನಮಗೂ ತಿಳಿಸಿ.